ಹರವಿ ನೀರು ಯಾಕೆ ತಣ್ಣಗಿರುತ್ತದೆ? ಮಕ್ಕಳ ಜೊತೆ ನ್ಯಾಯವಾದ ಪ್ರಯೋಗ ಕಟ್ಟುವ ಬಗೆ

ವಿಜಯಪುರ ಕಡೆ ಶಿವರಾತ್ರಿ ದಾಟಿತೆಂದರೆ ಬಿಸಿಲು ಏರುತ್ತದೆ. ಪಡಸಾಲೆಯ ಮೂಲೆಯಲ್ಲಿ ಹಸಿ ಉಸುಕಿನ ಮೇಲೆ ಹರವಿ, ಅಂದರೆ ಕುಡಿಯುವ ನೀರಿನ ಮಣ್ಣಿನ ಮಡಕೆ, ಬಂದು ಕೂರುತ್ತದೆ. ಅಂಥ ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಹರವ್ಯಾಗಿನ ನೀರು ಅಷ್ಟ ತಣ್ಣಗ ಯಾಕ ಇರ್ತಾವ್ರಿ? ಸ್ಟೀಲ್ ಕೊಡದಾಗ ಇಟ್ರ ಯಾಕ ಆಗಂಗಿಲ್ಲ?"

ಉತ್ತರ ಪುಸ್ತಕದಲ್ಲಿದೆ. ಹರವಿಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಆಗ ಆಕೆ ಸರ್ ಹೇಳಿದ್ದಾರೆ ಅಂತ ಮಾತ್ರ ನಂಬುತ್ತಿದ್ದಳು. "ನೀವೇ ಹುಡುಕಿ ನೋಡ್ರಿ" ಅಂದೆ. ಆ ಹುಡುಕಾಟದಲ್ಲಿ ಎಲ್ಲಿ ತಪ್ಪಿದೆವು, ಹೇಗೆ ಸರಿ ಮಾಡಿಕೊಂಡೆವು ಅನ್ನುವುದನ್ನೇ ಇಲ್ಲಿ ಮಾರ್ಗದರ್ಶಿಯಾಗಿ ಬರೆಯುತ್ತಿದ್ದೇನೆ. 6ರಿಂದ 8ನೇ ತರಗತಿಗೆ ವಿಜ್ಞಾನ ಹೇಳುವವರಿಗೆ ಮತ್ತು ಮನೆಯಲ್ಲಿ ಮಕ್ಕಳ ಜೊತೆ ಕೂರುವ ತಂದೆ-ತಾಯಿಗೆ ಇದು ಉಪಯೋಗವಾಗಬಹುದು.

ಮೊದಲು ಮೈದಾನಕ್ಕೆ ಕರೆದುಕೊಂಡು ಹೋಗಿ

'ಚರಾಂಶ', 'ನಿಯಂತ್ರಣ' ಇಂಥ ಪದಗಳನ್ನು ಮೊದಲ ದಿನ ಹಲಗೆ ಮೇಲೆ ಬರೆಯಬೇಡಿ. ಇಬ್ಬರು ಮಕ್ಕಳನ್ನು ಓಟಕ್ಕೆ ನಿಲ್ಲಿಸಿ. ಒಬ್ಬನನ್ನು ಬೇಕಂತಲೇ ಹತ್ತು ಹೆಜ್ಜೆ ಮುಂದೆ ನಿಲ್ಲಿಸಿ ಸೀಟಿ ಊದಿ. ಇಡೀ ತರಗತಿ ಕೂಗುತ್ತದೆ: "ಮೋಸ ಐತ್ರಿ ಸರ್, ಇದು ನಡಿಯಂಗಿಲ್ಲ!" ಆಗ ಕೇಳಿ: ಏನು ಮೋಸ? ಗೆರೆ ಒಂದೇ ಇರಬೇಕು, ಒಬ್ಬ ಚಪ್ಪಲಿ ಹಾಕಿ ಇನ್ನೊಬ್ಬ ಬರಿಗಾಲಲ್ಲಿ ಓಡಬಾರದು, ಸೀಟಿ ಇಬ್ಬರಿಗೂ ಒಂದೇ ಸಲ ಕೇಳಬೇಕು. ಮಕ್ಕಳೇ ಪಟ್ಟಿ ಮಾಡುತ್ತಾರೆ.

ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದ ಮಕ್ಕಳಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಹಿರಿಯರು ಕಣದಲ್ಲಿ ಮೈಕಟ್ಟು, ವಯಸ್ಸು ನೋಡಿ ಜೋಡಿ ಹಚ್ಚುತ್ತಾರೆ. 50 ಕೆಜಿ ಹುಡುಗನನ್ನು 80 ಕೆಜಿ ಪೈಲ್ವಾನನ ಮುಂದೆ ಬಿಟ್ಟರೆ ಗೆದ್ದವನು ಪಟ್ಟಿನಿಂದ ಗೆದ್ದನೋ, ತೂಕದಿಂದ ಗೆದ್ದನೋ ಹೇಳಲು ಬರುವುದಿಲ್ಲ. ಪಟ್ಟು ತಿಳಿಯಬೇಕಾದರೆ ತೂಕ ಸಮ ಇರಬೇಕು. ಪ್ರಯೋಗದಲ್ಲಿ ನ್ಯಾಯ ಅಂದರೂ ಇಷ್ಟೇ ಅರ್ಥ. ಯಾವುದರ ಪರಿಣಾಮ ತಿಳಿಯಬೇಕೋ ಅದೊಂದನ್ನು ಬದಲಿಸಬೇಕು, ಉಳಿದದ್ದೆಲ್ಲ ಸಮ ಇಡಬೇಕು.

ಪ್ರಶ್ನೆಯನ್ನು ಅಳೆಯುವ ಹಾಗೆ ತಿದ್ದಿ

ಮಕ್ಕಳ ಪ್ರಶ್ನೆಗಳು ದೊಡ್ಡದಾಗಿ ಬರುತ್ತವೆ. ಗೋಳಗುಮ್ಮಟಕ್ಕೆ ಪ್ರವಾಸ ಹೋಗಿ ಬಂದ ಮೇಲೆ "ಅಲ್ಲಿ ದನಿ ಯಾಕೆ ಅಷ್ಟು ಸಲ ಕೇಳುತ್ತದೆ?" ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಇದ್ದ ಹಾಗೆ ಅದನ್ನು ಪರೀಕ್ಷೆ ಮಾಡಲು ಆಗುವುದಿಲ್ಲ. "ಒಂದು ಚಪ್ಪಾಳೆ ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಎಷ್ಟು ಸಲ ಕೇಳುತ್ತದೆ, ಕೆಳಗೆ ನೆಲದಲ್ಲಿ ನಿಂತಾಗ ಎಷ್ಟು ಸಲ ಕೇಳುತ್ತದೆ?" ಅಂತ ತಿದ್ದಿದರೆ ಪರೀಕ್ಷೆ ಸಾಧ್ಯ. ಏನನ್ನು ಬದಲಿಸುತ್ತೇವೆ, ಏನನ್ನು ಎಣಿಸುತ್ತೇವೆ ಎರಡೂ ಪ್ರಶ್ನೆಯೊಳಗೇ ಬಂದುಬಿಟ್ಟವು. ನಾನು ಮಕ್ಕಳಿಗೆ ಕೇಳುವುದು ಇಷ್ಟೇ: ನಿನ್ನ ಪ್ರಶ್ನೆಯ ಉತ್ತರವನ್ನು ಅಳತೆಪಟ್ಟಿ, ಗಡಿಯಾರ, ತಕ್ಕಡಿ, ಥರ್ಮಾಮೀಟರ್ ಅಥವಾ ಎಣಿಕೆಯಿಂದ ಹೇಳಬಹುದೇ?

ಕಲ್ಲು, ದಾರದ ಪಾಠ

ಹರವಿಗೆ ಹೋಗುವ ಮೊದಲು ಒಂದು ಪೀರಿಯಡ್ಡಿನ ಸಣ್ಣ ಪ್ರಯೋಗ ಮಾಡಿಸಿ. ಖರ್ಚಿಲ್ಲ. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟರೆ ಲೋಲಕ ಆಯಿತು. ಪ್ರಶ್ನೆ: ಲೋಲಕದ ಓಲಾಟ ಬೇಗ ಆಗುವಂತೆ ಮಾಡುವುದು ಹೇಗೆ?

ಇಲ್ಲಿ ಮೂರು ಥರದ ಚರಾಂಶಗಳನ್ನು ಕಣ್ಣಿಗೆ ತೋರಿಸಬಹುದು. ಚರಾಂಶ ಅಂದರೆ ಪ್ರಯೋಗದಲ್ಲಿ ಬದಲಾಗಬಲ್ಲ ಯಾವುದೇ ಸಂಗತಿ. ನಾವು ಬೇಕಂತಲೇ ಬದಲಿಸುವುದು ಸ್ವತಂತ್ರ ಚರಾಂಶ, ಇಲ್ಲಿ ಕಲ್ಲಿನ ತೂಕ ಅಂತ ಇಟ್ಟುಕೊಳ್ಳಿ. ನಾವು ಅಳೆಯುವುದು ಅವಲಂಬಿತ ಚರಾಂಶ, ಅಂದರೆ ಹತ್ತು ಓಲಾಟಕ್ಕೆ ಬೇಕಾದ ಸೆಕೆಂಡು. ಸಮ ಇಡುವುದು ನಿಯಂತ್ರಿತ ಚರಾಂಶ: ದಾರದ ಉದ್ದ, ಕಲ್ಲನ್ನು ಎಷ್ಟು ದೂರ ಎಳೆದು ಬಿಡುತ್ತೇವೆ, ಎಣಿಸುವ ರೀತಿ. ನಾನು ತರಗತಿಯಲ್ಲಿ 'ಬದಲಿಸುವುದು, ಅಳೆಯುವುದು, ಹಾಗೇ ಇಡುವುದು' ಅಂತಲೇ ಹೇಳುತ್ತೇನೆ. ಪರೀಕ್ಷೆಗೆ ಬೇಕಾದ ಹೆಸರು ಆಮೇಲೆ ತಾನಾಗಿ ಕೂರುತ್ತದೆ.

ಬಹಳಷ್ಟು ಮಕ್ಕಳು ಭಾರದ ಕಲ್ಲು ಬೇಗ ಓಲಾಡುತ್ತದೆ ಅಂತ ಊಹಿಸುತ್ತಾರೆ. ಮಾಡಿ ನೋಡಿದರೆ ತೂಕದಿಂದ ವ್ಯತ್ಯಾಸ ಬರುವುದಿಲ್ಲ. ದಾರ ಗಿಡ್ಡ ಮಾಡಿದರೆ ಬರುತ್ತದೆ. ಒಂದು ಮೀಟರ್ ಉದ್ದಕ್ಕೆ ಹತ್ತು ಓಲಾಟಕ್ಕೆ ಸುಮಾರು 20 ಸೆಕೆಂಡು ಬೇಕು, 25 ಸೆಂಟಿಮೀಟರ್ ಉದ್ದಕ್ಕೆ ಸುಮಾರು 10 ಸೆಕೆಂಡು. ಹೋಗಿ ಬರುವುದು ಸೇರಿ ಒಂದು ಓಲಾಟ ಅನ್ನುವುದನ್ನು ಮೊದಲೇ ಹೇಳಿ. ಕಲ್ಲನ್ನು ತುಂಬಾ ದೂರ ಎಳೆಯಬೇಡಿ, ಮೀಟರ್ ಉದ್ದದ ದಾರಕ್ಕೆ ಒಂದು ಗೇಣು ಸಾಕು, ಗಿಡ್ಡ ದಾರಕ್ಕೆ ಇನ್ನೂ ಕಡಿಮೆ.

ಇಲ್ಲೊಂದು ಅಡಗಿದ ಅನ್ಯಾಯ ಇದೆ. ದಾರ ಅಷ್ಟೇ ಇಟ್ಟು ಸಣ್ಣ ಕಲ್ಲು ಬಿಚ್ಚಿ ದೊಡ್ಡ ಕಲ್ಲು ಕಟ್ಟಿದರೆ ಕಲ್ಲಿನ ನಡುಭಾಗ ಕೆಳಗೆ ಇಳಿಯುತ್ತದೆ. ಅಂದರೆ ಲೋಲಕವೇ ಉದ್ದವಾಯಿತು! ಉದ್ದವನ್ನು ದಾರದ ತುದಿಯವರೆಗೆ ಅಳೆಯಬಾರದು, ಕಲ್ಲಿನ ನಡುವಿನವರೆಗೆ ಅಳೆಯಬೇಕು. ಒಂದನ್ನು ಬದಲಿಸುತ್ತೇವೆ ಅಂದುಕೊಂಡು ನಮಗೇ ಗೊತ್ತಿಲ್ಲದಂತೆ ಎರಡನ್ನು ಬದಲಿಸುವುದು ಹೀಗೆ. ಹರವಿಯಲ್ಲಿ ನಾವು ಎಡವಿದ್ದೂ ಇಲ್ಲೇ.

ಊಹೆಯನ್ನು ಪೆನ್ನಿನಲ್ಲಿ ಬರೆಸಿ

ಪ್ರಯೋಗ ಶುರು ಮಾಡುವ ಮೊದಲು ಪ್ರತಿ ಮಗುವೂ ತನ್ನ ಊಹೆ ಬರೆಯಬೇಕು. ಪುಸ್ತಕದಲ್ಲಿ ಇದಕ್ಕೆ ಪ್ರಾಕ್ಕಲ್ಪನೆ ಅನ್ನುತ್ತಾರೆ. ವಾಕ್ಯದಲ್ಲಿ ಮೂರು ತುಂಡು ಇರಲಿ: ಹೀಗೆ ಮಾಡಿದರೆ, ಹೀಗಾಗುತ್ತದೆ, ಯಾಕೆಂದರೆ. "ಹರವಿ ನೀರು ಚೆನ್ನಾಗಿರುತ್ತದೆ" ಅನ್ನುವುದು ಊಹೆ ಆಗುವುದಿಲ್ಲ. "ಹರವಿಯ ಹೊರಮೈಯಿಂದ ನೀರು ಆವಿಯಾಗದಂತೆ ತಡೆದರೆ ಒಳಗಿನ ನೀರು ಅಷ್ಟು ತಣ್ಣಗಾಗುವುದಿಲ್ಲ, ಯಾಕೆಂದರೆ ಆವಿಯಾಗುವ ನೀರೇ ಶಾಖ ತೆಗೆದುಕೊಂಡು ಹೋಗುತ್ತದೆ" ಅನ್ನುವುದು ಊಹೆ. ಅದು ತಪ್ಪು ಅಂತ ತೋರಿಸಲು ಸಾಧ್ಯವಿರಬೇಕು. ಏನೇ ಆದರೂ ಸರಿ ಅನ್ನಿಸಿಕೊಳ್ಳುವ ಮಾತಿನಿಂದ ಪ್ರಯೋಗಕ್ಕೆ ಉಪಯೋಗವಿಲ್ಲ.

ಪೆನ್ನು ಯಾಕೆ ಅಂದರೆ, ಒಮ್ಮೆ ಒಂದು ವಿಜ್ಞಾನ ವಸ್ತು ಪ್ರದರ್ಶನಕ್ಕೆ ಹೊರಟಿದ್ದ ನನ್ನ ವಿದ್ಯಾರ್ಥಿ ಹಿಂದಿನ ಸಂಜೆ ಕೂತು ರಬ್ಬರಿನಿಂದ ಅಂಕಿ ಅಳಿಸುತ್ತಿದ್ದ. "ಪುಸ್ತಕದಾಗಿನ ಉತ್ತರಕ್ಕ ಹೊಂದವಲ್ವು ಸರ್, ನಂಬರ್ ಕಡಿಮಿ ಬರ್ತಾವು" ಅಂದ. ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಊಹೆ ಸುಳ್ಳಾದರೆ ಸೋತ ಹಾಗೆ ಅಂತ ಅವನಿಗೆ ಅನಿಸಿತ್ತಲ್ಲ, ಅದು ನನ್ನ ಪಾಠದ ತಪ್ಪು. ಅಂದಿನಿಂದ ಊಹೆ ಮತ್ತು ಅಳತೆ ಎರಡನ್ನೂ ಪೆನ್ನಿನಲ್ಲೇ ಬರೆಸುತ್ತೇನೆ. ತಪ್ಪಾಗಿ ಬರೆದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಬೇಕು, ಹಳೆಯದು ಓದುವ ಹಾಗಿರಬೇಕು. ಅಂಕ ಕೊಡುವಾಗಲೂ ಊಹೆ ಸರಿಯಾಯಿತೇ ಅಂತ ನೋಡುವುದಿಲ್ಲ, ಪರೀಕ್ಷೆ ನ್ಯಾಯವಾಗಿತ್ತೇ ಅಂತ ನೋಡುತ್ತೇನೆ.

ಹರವಿ ಪ್ರಯೋಗ: ಮೊದಲ ಸಲ ತಪ್ಪಿದ್ದು

ಮಕ್ಕಳು ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ರೀತಿ. ಒಂದು ಹರವಿ, ಒಂದು ಸ್ಟೀಲ್ ಕೊಡ, ಎರಡಕ್ಕೂ ನೀರು. ಮಧ್ಯಾಹ್ನ ಅಳೆದಾಗ ಹರವಿ ನೀರು ತಣ್ಣಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಆ ಹುಡುಗಿಯೇ ಎದ್ದು ನಿಂತಳು: "ಸರ್, ಕೊಡ ಕಿಟಕಿ ಹಂತ್ಯಾಕ ಐತ್ರಿ. ಬಿಸಿಲು ಬೀಳಾಕತ್ತೈತಿ."

ಹೌದಲ್ಲ! ಸರಿ, ಎರಡನ್ನೂ ನೆರಳಿಗೆ ಇಟ್ಟೆವು. ಆದರೆ ಒಬ್ಬರು ಶುರು ಮಾಡಿದ ಮೇಲೆ ಉಳಿದವರೂ ಸಾಲಾಗಿ ತಪ್ಪು ಹುಡುಕತೊಡಗಿದರು. ಹರವಿಯಲ್ಲಿ ನೀರು ಜಾಸ್ತಿ ಇದೆ. ಹರವಿಗೆ ಮುಚ್ಚಳ ಇದೆ, ಕೊಡಕ್ಕಿಲ್ಲ. ಹರವಿ ಉಸುಕಿನ ಮೇಲೆ, ಕೊಡ ಬಂಡೆ ಮೇಲೆ. ಹರವಿಯ ಗೋಡೆ ದಪ್ಪ, ಕೊಡದ್ದು ತೆಳು. ಒಂದು ಮಣ್ಣು, ಒಂದು ಲೋಹ. ಆಕಾರವೂ ಬೇರೆ. ಇಷ್ಟೆಲ್ಲ ಬೇರೆ ಇದ್ದಾಗ ತಣ್ಣಗಾಗಿದ್ದು ಆವಿಯಾಗುವಿಕೆಯಿಂದಲೇ ಅಂತ ಹೇಗೆ ಹೇಳುವುದು? ದಪ್ಪ ಮಣ್ಣು ಹೊರಗಿನ ಬಿಸಿಯನ್ನು ತಡೆದಿರಬಹುದು.

ಒಳ್ಳೆಯ ಪ್ರಯೋಗದ ಬಹುಪಾಲು ಕೆಲಸ ಈ ಹಂತದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಇಲ್ಲಿ ಅವಸರ ಮಾಡಬೇಡಿ. ಒಂದು ಪೂರ್ತಿ ಪೀರಿಯಡ್ ಹೋದರೂ ಹೋಗಲಿ. ಒಂದು ಗುಂಪಿನ ಯೋಜನೆಯಲ್ಲಿ ಇನ್ನೊಂದು ಗುಂಪು ಅನ್ಯಾಯ ಹುಡುಕಲಿ.

ಈ ಹೊತ್ತಿನಲ್ಲಿ ನಾನು ಜೇಮ್ಸ್ ಲಿಂಡ್ ಕಥೆ ಹೇಳುತ್ತೇನೆ. 1747ರಲ್ಲಿ ಸ್ಯಾಲಿಸ್ಬರಿ ಅನ್ನುವ ಬ್ರಿಟಿಷ್ ಹಡಗಿನಲ್ಲಿ ವೈದ್ಯನಾಗಿದ್ದವನು. ನಾವಿಕರಿಗೆ ಸ್ಕರ್ವಿ ರೋಗ ಬಂದಿತ್ತು. ವಸಡಿನಿಂದ ರಕ್ತ, ಮೈಯಲ್ಲಿ ಬಲವಿಲ್ಲ. ಲಿಂಡ್ 12 ಜನ ರೋಗಿಗಳನ್ನು ಆರಿಸಿಕೊಂಡ. ಆದಷ್ಟೂ ಒಂದೇ ಥರದ ರೋಗ ಲಕ್ಷಣ ಇದ್ದವರು. ಎಲ್ಲರನ್ನೂ ಒಂದೇ ಜಾಗದಲ್ಲಿ ಮಲಗಿಸಿದ, ದಿನದ ಊಟವೂ ಒಂದೇ. ಆಮೇಲೆ ಇಬ್ಬಿಬ್ಬರ ಆರು ಜೋಡಿ ಮಾಡಿ ಪ್ರತಿ ಜೋಡಿಗೆ ಬೇರೆ ಔಷಧಿ ಕೊಟ್ಟ. ಒಂದು ಜೋಡಿಗೆ ಸಮುದ್ರದ ನೀರು, ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ಕಿತ್ತಳೆ ಮತ್ತು ನಿಂಬೆಹಣ್ಣು, ಹೀಗೆ. ಕಿತ್ತಳೆ, ನಿಂಬೆ ತಿಂದವರು ಆರು ದಿನದಲ್ಲೇ ಎಲ್ಲರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಹಾಸಿಗೆ, ಊಟ, ರೋಗ ಸಮ ಇದ್ದದ್ದರಿಂದಲೇ ಹಣ್ಣಿನ ಗುಣ ಎದ್ದು ಕಂಡಿತು. ಇಂಡಿ ನಿಂಬೆ ತೋಟದ ನಡುವೆ ಬೆಳೆದ ಮಕ್ಕಳು ಈ ಕಥೆಯನ್ನು ಕಣ್ಣರಳಿಸಿ ಕೇಳುತ್ತಾರೆ.

ಎರಡನೇ ಸಲ: ಆರು ಕುಡಿಕೆ, ಒಂದು ಡಬ್ಬಿ ಪೇಂಟ್

ಕೊನೆಗೆ ಮಕ್ಕಳು ಸ್ಟೀಲ್ ಕೊಡವನ್ನು ಪಕ್ಕಕ್ಕಿಟ್ಟರು. ಆವಿಯಾಗುವಿಕೆಯನ್ನಷ್ಟೇ ಬದಲಿಸಬೇಕಾದರೆ ಎರಡೂ ಕಡೆ ಮಣ್ಣಿನ ಪಾತ್ರೆಯೇ ಇರಬೇಕು, ಒಂದರಲ್ಲಿ ಮಾತ್ರ ನೀರು ಹೊರಗೆ ಜಿನುಗಬಾರದು. "ಹೊರಗಿಂದ ಬಣ್ಣ ಹಚ್ಚಿದ್ರ?" ಅಂದ ಒಬ್ಬ ಹುಡುಗ. ಅವರಪ್ಪ ಪೇಂಟಿಂಗ್ ಕೆಲಸ ಮಾಡುವವರು. ಆ ಒಂದು ಮಾತಿನಿಂದ ಪ್ರಯೋಗ ಒಂದು ರೂಪಕ್ಕೆ ಬಂತು. ನೀವೂ ಹೀಗೆ ಮಾಡಿ ನೋಡಿ.

ಕುಂಬಾರರ ಹತ್ತಿರ ಒಂದೇ ಆವಿಗೆಯಲ್ಲಿ ಸುಟ್ಟ, ಒಂದೇ ಅಳತೆಯ ಆರು ಕುಡಿಕೆ ತನ್ನಿ. ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುವಂಥದ್ದು ಸಾಕು. ಯಾವ ಮೂರಕ್ಕೆ ಬಣ್ಣ ಅನ್ನುವುದನ್ನು ನೀವು ಆರಿಸಬೇಡಿ. 1ರಿಂದ 6 ನಂಬರ್ ಬರೆದು ಚೀಟಿ ಎತ್ತಿಸಿ. ನಾವೇ ಆರಿಸಿದರೆ ಗೊತ್ತಿಲ್ಲದೇ ಚೆಂದದ ಮೂರು ಒಂದೇ ಕಡೆ ಸೇರಿಬಿಡುತ್ತವೆ. ಚೀಟಿ ಬಂದ ಮೂರಕ್ಕೆ ಹೊರಗಡೆ ತಳವೂ ಸೇರಿ ಇಟ್ಟಿಗೆ ಬಣ್ಣದ ಆಯಿಲ್ ಪೇಂಟ್ ಎರಡು ಸಲ ಹಚ್ಚಿ, ಎರಡು ದಿನ ಒಣಗಲು ಬಿಡಿ. ಇಟ್ಟಿಗೆ ಬಣ್ಣವೇ ಯಾಕೆ? ಕಪ್ಪು ಬಣ್ಣ ಬಳಿದರೆ ಅದು ಶಾಖವನ್ನು ಬೇರೆ ರೀತಿ ಹೀರುತ್ತದೆ, ಮತ್ತೆ ಎರಡು ಬದಲಾವಣೆ ಆಗುತ್ತದೆ. ಬಣ್ಣ ಒಣಗಿದ ಮೇಲೆ ಆರನ್ನೂ ಒಂದು ರಾತ್ರಿ ನೀರು ತುಂಬಿಸಿ ಇಡಿ. ಹೊಸ ಮಣ್ಣು ಮೊದಲ ದಿನ ಸುಮಾರು ನೀರು ಕುಡಿಯುತ್ತದೆ.

ಮರುದಿನ ಬೆಳಿಗ್ಗೆ ಆ ನೀರು ಚೆಲ್ಲಿ, ಒಂದೇ ಬಕೀಟಿನಿಂದ ಎಲ್ಲಕ್ಕೂ ಅರ್ಧರ್ಧ ಲೀಟರ್ ಅಳೆದು ಹಾಕಿ. ಒಂದೇ ಥರದ ತಟ್ಟೆ ಮುಚ್ಚಿ. ನೆರಳಿರುವ, ಗಾಳಿ ಆಡುವ ಜಾಗದಲ್ಲಿ ಬಣ್ಣದ್ದೊಂದು ಬಣ್ಣವಿಲ್ಲದ್ದೊಂದು ಹೀಗೆ ಸಾಲಾಗಿ, ಒಂದಕ್ಕೊಂದು ತಾಗದಂತೆ ಇಡಿ. ಬಣ್ಣದವೆಲ್ಲ ಬಾಗಿಲ ಕಡೆ, ಉಳಿದವು ಗೋಡೆ ಕಡೆ ಇಟ್ಟರೆ ಗಾಳಿಯ ವ್ಯತ್ಯಾಸ ಲೆಕ್ಕ ಕೆಡಿಸುತ್ತದೆ. ಶುರುವಿನ ತಾಪಮಾನ ಬರೆದುಕೊಂಡು, ಆಮೇಲೆ ಗಂಟೆಗೊಮ್ಮೆ ಶಾಲೆ ಬಿಡುವವರೆಗೆ ಅಳೆಯಿರಿ. ಕೋಣೆಯ ಗಾಳಿಯ ತಾಪಮಾನವನ್ನೂ ಪ್ರತಿ ಸಲ ಬರೆಯಿರಿ.

ಅಳೆಯುವಾಗ ಕೆಲವು ಎಚ್ಚರ ಬೇಕು. ಮನೆಯಿಂದ ಜ್ವರ ನೋಡುವ ಥರ್ಮಾಮೀಟರ್ ತರಿಸಬೇಡಿ. ಅದು ಸುಮಾರು 35ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತೋರಿಸುತ್ತದೆ, ಹರವಿ ನೀರು ಅದಕ್ಕಿಂತ ಕೆಳಗಿರುತ್ತದೆ. ಹಳೆಯವುಗಳಲ್ಲಿ ಪಾದರಸ ಇರುತ್ತದೆ, ಒಡೆದರೆ ಅಪಾಯ. ಶಾಲೆಯ ಪ್ರಯೋಗಾಲಯದ, ಒಳಗೆ ಕೆಂಪು ದ್ರವ ಇರುವ ಥರ್ಮಾಮೀಟರ್ ಒಳ್ಳೆಯದು. ಎರಡು ಮೂರು ಥರ್ಮಾಮೀಟರ್ ಬಳಸುವುದಾದರೆ ಮೊದಲು ಎಲ್ಲವನ್ನೂ ಒಂದೇ ಲೋಟದ ನೀರಿನಲ್ಲಿ ಅದ್ದಿ ನೋಡಿ. ಒಂದೊಂದು ಒಂದು ಡಿಗ್ರಿ ಹೆಚ್ಚುಕಡಿಮೆ ತೋರಿಸುವುದುಂಟು. ಆಗ ಒಂದನ್ನೇ ಇಟ್ಟುಕೊಳ್ಳಿ. ಥರ್ಮಾಮೀಟರಿನ ತುದಿಯ ಬುರುಡೆ ನೀರಿನ ನಡುವೆ ಇರಲಿ, ಕುಡಿಕೆಗೆ ತಾಗಬಾರದು. ಒಂದು ನಿಮಿಷ ಕಾಯಬೇಕು, ಬುರುಡೆ ನೀರಿನಲ್ಲಿ ಇರುವಾಗಲೇ ಓದಬೇಕು, ಕಣ್ಣು ಗೆರೆಯ ಮಟ್ಟಕ್ಕೆ ಬರಬೇಕು. ಓದುವವರು ದಿನವಿಡೀ ಒಬ್ಬರೇ ಆದರೆ ಒಳ್ಳೆಯದು.

ಮೂರು ಯಾಕೆ, ಒಂದು ಸಾಲದೇ?

ಇದನ್ನು ಎಲ್ಲ ಮಕ್ಕಳೂ ಕೇಳುತ್ತಾರೆ. ಒಂದು ಕುಡಿಕೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಇನ್ನೊಂದು ಸ್ವಲ್ಪ ಜಾಸ್ತಿ ಬೆಂದಿರಬಹುದು. ಮೂರು ಇದ್ದರೆ ಒಂದರ ದೋಷ ಬಯಲಾಗುತ್ತದೆ.

ಉದಾಹರಣೆಗೆ, ಒಂದು ಹೊತ್ತಿನಲ್ಲಿ ಬಣ್ಣದ ಮೂರರಲ್ಲಿ 31, 32, 31 ಡಿಗ್ರಿ ಬಂತು, ಬಣ್ಣವಿಲ್ಲದ ಮೂರರಲ್ಲಿ 26, 27, 25 ಬಂತು ಅಂತ ಇಟ್ಟುಕೊಳ್ಳಿ. ಬಣ್ಣವಿಲ್ಲದವುಗಳಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವುದು ಕೂಡ ಬಣ್ಣದವುಗಳಲ್ಲಿ ಎಲ್ಲಕ್ಕಿಂತ ತಣ್ಣಗಿರುವುದಕ್ಕಿಂತ ನಾಲ್ಕು ಡಿಗ್ರಿ ಕೆಳಗಿದೆ. ಇಲ್ಲಿ ಧೈರ್ಯವಾಗಿ ಮಾತಾಡಬಹುದು. ಅದೇ 29, 31, 30 ಮತ್ತು 30, 28, 29 ಬಂದಿದ್ದರೆ? ಸರಾಸರಿಯಲ್ಲಿ ಒಂದು ಡಿಗ್ರಿ ವ್ಯತ್ಯಾಸ ಇದೆ ನಿಜ, ಆದರೆ ಎರಡು ಗುಂಪಿನ ಅಂಕಿಗಳು ಒಂದರೊಳಗೊಂದು ಸೇರಿಕೊಂಡಿವೆ. ಆಗ "ಇನ್ನೂ ಎರಡು ದಿನ ಮಾಡಿ ನೋಡೋಣ" ಅನ್ನುವುದೇ ಸರಿಯಾದ ಉತ್ತರ. ಸರಾಸರಿ ಮಾತ್ರ ಬರೆಸಬೇಡಿ, ಮೂರೂ ಅಂಕಿ ಪಟ್ಟಿಯಲ್ಲಿ ಉಳಿಯಲಿ.

ನಮ್ಮ ತರಗತಿಯಲ್ಲಿ ಬಣ್ಣವಿಲ್ಲದ ಕುಡಿಕೆಗಳ ನೀರೇ ಸ್ಪಷ್ಟವಾಗಿ ತಣ್ಣಗಾಯಿತು. ಬಣ್ಣ ಹಚ್ಚಿದ ಕುಡಿಕೆಗಳ ಮೈ ಒಣಗಿತ್ತು, ಉಳಿದವುಗಳ ಮೈ ಹಸಿಯಾಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಂಗೈ ಇಟ್ಟು ನೋಡಿ ಹೋದರು.

ತೀರ್ಮಾನ ಬರೆಸುವುದು

"ಸಾಬೀತಾಯಿತು" ಅನ್ನುವ ಪದ ಮಕ್ಕಳಿಗೆ ಬಹಳ ಇಷ್ಟ. ಅದರ ಬದಲು "ನಮ್ಮ ಅಳತೆಗಳು ಊಹೆಗೆ ಹೊಂದುತ್ತವೆ" ಅಥವಾ "ಹೊಂದುವುದಿಲ್ಲ" ಅಂತ ಬರೆಸಿ. ಜೊತೆಗೆ ಏನು ಸಮ ಇಡಲು ಆಗಲಿಲ್ಲ ಅನ್ನುವುದನ್ನೂ ಬರೆಸಿ. ನಮ್ಮ ಪಟ್ಟಿಯ ಕೆಳಗೆ ಒಬ್ಬಳು ಬರೆದಿದ್ದಳು: "4ನೇ ಕುಡಿಕೆಯ ತಟ್ಟೆ ಊಟದ ಬಿಡುವಿನಲ್ಲಿ ಸರಿದಿತ್ತು. ಎಷ್ಟು ಹೊತ್ತು ಗೊತ್ತಿಲ್ಲ." ಇಂಥ ಒಂದು ಸಾಲು ಕಂಡರೆ ನನಗೆ ತುಂಬಾ ಸಂತೋಷವಾಗುತ್ತದೆ.

ಎಂಟನೇ ತರಗತಿಯವರಿಗೆ ಒಂದು ಲೆಕ್ಕ ಕೊಡಿ. ಈ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಶಾಖ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗಾಗಿಸಲು ಸುಮಾರು 4.2 ಜೌಲ್ ತೆಗೆದರೆ ಸಾಕು. ಹಾಗಾದರೆ ಒಂದೇ ಗ್ರಾಂ ನೀರು ಆವಿಯಾಗಿ ಹೋದರೆ ಅರ್ಧ ಲೀಟರ್ ನೀರು ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ತಣ್ಣಗಾಗಬೇಕು. ನಿಜವಾಗಿ ಅಷ್ಟು ಆಗುವುದಿಲ್ಲ, ಯಾಕೆಂದರೆ ಸುತ್ತಲಿನ ಬಿಸಿ ಗಾಳಿಯಿಂದ ಶಾಖ ಒಳಗೆ ಬರುತ್ತಲೇ ಇರುತ್ತದೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕುಡಿಕೆಯನ್ನು ಬೆಳಿಗ್ಗೆ, ಸಂಜೆ ತೂಗಿದರೆ ಎಷ್ಟು ಗ್ರಾಂ ನೀರು ಹೋಯಿತು ಅಂತ ಸಿಗುತ್ತದೆ.

ಬೇರೆ ವಿಷಯ ಬೇಕೆಂದರೆ ಸುತ್ತ ಸಾಕಷ್ಟಿವೆ. ಎರೆ (ಕಪ್ಪು) ಮಣ್ಣು ಮತ್ತು ಮಸಾರಿ (ಕೆಂಪು) ಮಣ್ಣಿನಲ್ಲಿ ಯಾವುದು ನೀರನ್ನು ಜಾಸ್ತಿ ಹಿಡಿದಿಡುತ್ತದೆ? ಜೋಳದ ಬೀಜವನ್ನು ಒಂದು ರಾತ್ರಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆಯೇ? ದ್ರಾಕ್ಷಿಯನ್ನು ನೆರಳಲ್ಲಿ ಒಣಗಿಸಿದರೆ ಮತ್ತು ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಹೇಗೆ ಬೇರೆಯಾಗುತ್ತದೆ? ಬೀಜದ ಪ್ರಯೋಗಕ್ಕೆ ಮೂರು ಸಾಲದು, ಪ್ರತಿ ಗುಂಪಿಗೆ ಕನಿಷ್ಠ 20 ಕಾಳು ಇರಲಿ. ಬೀಜಗಳು ಕುಡಿಕೆಗಿಂತ ಹಟಮಾರಿ. ಚೆನ್ನಾಗಿ ಬಂದದ್ದನ್ನು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಒಯ್ಯಬಹುದು, 10ರಿಂದ 17 ವರ್ಷದ ಮಕ್ಕಳಿಗೆ ಅಲ್ಲಿ ಅವಕಾಶ ಇದೆ.

ಪ್ರಯೋಗ ಮುಗಿದ ದಿನ ಆ ಹುಡುಗಿ ಇನ್ನೊಂದು ಪ್ರಶ್ನೆ ತಂದಳು. "ಶ್ರಾವಣದಾಗ ಗಾಳಿನ ಹಸಿ ಇರ್ತೈತಲ್ರಿ ಸರ್, ಆಗೂ ಇಷ್ಟ ತಣ್ಣಗ ಆಗ್ತಾವೇನ್ರಿ?" ಬೇರೆಯವರು ಅವಸರದಲ್ಲಿ ಉತ್ತರ ಕೂಗುವ ಮೊದಲು ಎಲ್ಲರಿಗೂ ಪೆನ್ನು ತೆಗೆಯಲು ಹೇಳಿದೆ. ಹೀಗೆ ಮಾಡಿದರೆ, ಹೀಗಾಗುತ್ತದೆ, ಯಾಕೆಂದರೆ. ಊಹೆಗಳನ್ನು ಒಂದು ಲಕೋಟೆಗೆ ಹಾಕಿ ಅಂಟಿಸಿದೆವು. ಆರು ಕುಡಿಕೆಗಳನ್ನು ತೊಳೆದು, ಒಣಗಿಸಿ, ನಂಬರ್ ಅಳಿಸದಂತೆ ಬಟ್ಟೆ ಸುತ್ತಿ, ಲಕೋಟೆಯ ಜೊತೆ ಕಪಾಟಿನ ಮೇಲೆ ಇಟ್ಟಿದ್ದೇವೆ.